ಕೆಂಪು ನಕ್ಷೆಯ ಬಿಳಿ ಜಾಗಗಳು

ಒಂದು ಚದರ ಮಿಲಿಮೀಟರಿಗೆ ನೂರು ಜನ. ಬುಡಾಪೆಸ್ಟಿನ ಭೂಗೋಳಶಾಸ್ತ್ರಜ್ಞ ಕೌಂಟ್ ಪಾಲ್ ತೆಲೆಕಿ 1918ರ ಚಳಿಗಾಲದಲ್ಲಿ ತನಗೆ ತಾನೇ ಹಾಕಿಕೊಂಡ ನಿಯಮ ಇದು. ಅವನು ಬರೆಯಹೊರಟ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಚದರ ಕಿಲೋಮೀಟರಿಗೆ ನೂರು ಜನ ಇರುವ ಕಡೆ ಕಾಗದ ಪೂರ್ತಿ ಬಣ್ಣದಿಂದ ತುಂಬುತ್ತದೆ. ಮೂವತ್ತೇ ಜನ ಇದ್ದರೆ ಮೂರರಲ್ಲಿ ಒಂದು ಪಾಲಿಗೂ ಬಣ್ಣ ಸಾಲದು, ಮಿಕ್ಕಿದ್ದು ಬಿಳಿ. ಕಾಡು, ಕಡಿದಾದ ಗುಡ್ಡ, ಜೌಗು, ಹೀಗೆ ಜನ ಇಲ್ಲದ ಕಡೆಯೆಲ್ಲ ಬರೀ ಕಾಗದ. ಹಂಗೇರಿಯನ್ ಮಾತಾಡುವ ಮ್ಯಾಗ್ಯಾರರಿಗೆ ಕಣ್ಣು ಕುಕ್ಕುವ ಕೆಂಪು. ರುಮೇನಿಯನ್ನರು, ಸ್ಲೋವಾಕರು, ಜರ್ಮನರು, ರುಥೇನಿಯನ್ನರು, ಸರ್ಬರು ಇವರಿಗೆಲ್ಲ ಅಷ್ಟು ಎದ್ದು ಕಾಣದ ಬೇರೆ ಬೇರೆ ಬಣ್ಣ.

ಯುರೋಪಿನ ನಕ್ಷಾಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕೆ 'ಕೆಂಪು ನಕ್ಷೆ' ಎಂದೇ ಹೆಸರು. ಇದನ್ನು ಮೊದಲ ಸಲ ನೋಡಿದವರಿಗೆ ತೋರುವುದು ಒಂದೇ ಚಿತ್ರ: ನಡುವಿನ ಬಯಲಿನಲ್ಲಿ ದಟ್ಟ ಕೆಂಪು, ಸುತ್ತ ಕಾರ್ಪೇಥಿಯನ್ ಬೆಟ್ಟಸಾಲಿನ ಉದ್ದಕ್ಕೂ ಚೆಲ್ಲಾಪಿಲ್ಲಿಯಾದ ಪೇಲವ ಚುಕ್ಕೆಗಳು, ಅವುಗಳ ನಡುವೆ ಬಿಳಿಯೋ ಬಿಳಿ. ಆಗಿನ ಹಂಗೇರಿಯ ಒಟ್ಟು ಜನಸಂಖ್ಯೆಯನ್ನು ಅದರ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಕಿಲೋಮೀಟರಿಗೆ ಅರವತ್ತೈದರ ಆಸುಪಾಸು ಬರುತ್ತದೆ. ಅಂದರೆ ನಕ್ಷೆಯ ಮೂರನೇ ಒಂದು ಪಾಲು ಯಾರಿಗೂ ಸೇರದ ಬಿಳಿ. ಆ ಬಿಳಿಯಲ್ಲಿ ಹೆಚ್ಚಿನದು ಬಿದ್ದದ್ದು ಬೆಟ್ಟದ ಜನರ ಪಾಲಿಗೆ. ಕುರಿ ಮೇಯಿಸಿಕೊಂಡು, ದೂರದೂರ ಮನೆ ಕಟ್ಟಿಕೊಂಡು ಬದುಕುತ್ತಿದ್ದ ಆ ಜನರಲ್ಲಿ ಬಹಳಷ್ಟು ಮಂದಿ ರುಮೇನಿಯನ್ನರು, ಸ್ಲೋವಾಕರು, ರುಥೇನಿಯನ್ನರು.

ಇದು ಮೋಸದ ನಕ್ಷೆಯೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ತೆಲೆಕಿ ಒಂದು ಅಂಕಿಯನ್ನೂ ತಿದ್ದಲಿಲ್ಲ. ಗಡಿಯನ್ನು ನಿರ್ಧರಿಸಬೇಕಾದದ್ದು ಮನುಷ್ಯರೋ ಬಂಡೆಗಳೋ ಎಂದು ಕೇಳಿದರೆ ಮನುಷ್ಯರೇ ಅಲ್ಲವೇ? ಹಳೆಯ ಭಾಷಾ ನಕ್ಷೆಗಳಲ್ಲಿ ಹತ್ತು ಕುರುಬರಿರುವ ಒಂದು ಇಡೀ ಬೆಟ್ಟಕ್ಕೂ ಹತ್ತು ಸಾವಿರ ಜನರಿರುವ ಪೇಟೆಗೂ ಒಂದೇ ಸಮ ಬಣ್ಣ ಬಳಿಯುತ್ತಿದ್ದರು, ಅದಕ್ಕಿಂತ ಇದು ಪ್ರಾಮಾಣಿಕ. ಹಾಗಿದ್ದೂ ಈ ನಕ್ಷೆಯನ್ನು ನಂಬಲು ಮನಸ್ಸು ಹಿಂಜರಿಯುತ್ತದೆ. ಅದು ಏಕೆಂದು ತಿಳಿಯಲು ಬಣ್ಣದಿಂದ ಸ್ವಲ್ಪ ಹಿಂದಕ್ಕೆ, ಆ ಬಣ್ಣಕ್ಕೆ ಆಧಾರವಾದ ಪ್ರಶ್ನೆಯ ಹತ್ತಿರಕ್ಕೆ ಹೋಗಬೇಕು.

'ನಿನ್ನ ಭಾಷೆ ಯಾವುದು?' ಎಂದು ರಾಜ್ಯವು ಪ್ರಜೆಯನ್ನು ಕೇಳುವ ಪದ್ಧತಿ ಯುರೋಪಿನಲ್ಲಿ ಅಷ್ಟೇನೂ ಹಳೆಯದಲ್ಲ. ಶತಮಾನಗಳ ಕಾಲ ದೊರೆಗಳಿಗೆ ಬೇಕಾಗಿದ್ದದ್ದು ಎಷ್ಟು ಒಲೆ, ಎಷ್ಟು ಎತ್ತು, ಎಷ್ಟು ಸೈನಿಕರು, ಯಾವ ಚರ್ಚು ಎಂಬಷ್ಟೇ ಲೆಕ್ಕ. 1846ರಲ್ಲಿ ಬೆಲ್ಜಿಯಂ ತನ್ನ ಜನಗಣತಿಯಲ್ಲಿ ಭಾಷೆಯನ್ನು ಕೇಳಿತು. 1850ರ ದಶಕದಲ್ಲಿ ಕಾರ್ಲ್ ಫಾನ್ ಚೋರ್ನಿಗ್ ಎಂಬ ಅಧಿಕಾರಿ ಆಸ್ಟ್ರಿಯಾ ಸಾಮ್ರಾಜ್ಯದ ದೊಡ್ಡ ಜನಾಂಗ ನಕ್ಷೆಯನ್ನು ತಂದ. ಆದರೆ ಅವನು ಒಬ್ಬೊಬ್ಬ ಮನುಷ್ಯನನ್ನು ಕೇಳಿ ಬರೆದವನಲ್ಲ. ಊರೂರಿನ ವರದಿ ತರಿಸಿ, ಊರಿಗೊಂದು ಭಾಷೆ ಹಚ್ಚಿದವನು. 1866ರಲ್ಲಿ ಬರ್ಲಿನ್ನಿನ ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಬ್ಯೋಕ್ ಒಂದು ಪ್ರಬಂಧ ಬರೆದು, ಮನುಷ್ಯನ ರಾಷ್ಟ್ರೀಯತೆಯ ನಂಬಿಕಸ್ಥ ಗುರುತು ಅವನ ಆಡುಭಾಷೆಯೇ ಎಂದು ಸಾಧಿಸಿದ. 1872ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಜನಗಣತಿಯಲ್ಲಿ ಭಾಷೆಯ ಅಂಕಣ ಇರಬೇಕೆಂದು ಹೇಳಿತು. ಅಲ್ಲಿಂದ ಮುಂದೆ ಭಾಷೆಯ ಲೆಕ್ಕವೇ ರಾಷ್ಟ್ರದ ಲೆಕ್ಕವಾಯಿತು.

ಆಸ್ಟ್ರಿಯಾ-ಹಂಗೇರಿ ಒಂದೇ ಚಕ್ರವರ್ತಿಯ ಕೆಳಗಿನ ಎರಡು ರಾಜ್ಯ. ಎರಡೂ 1880ರಿಂದ ಭಾಷೆಯನ್ನು ಕೇಳಿದವು, ಆದರೆ ಪ್ರಶ್ನೆ ಬೇರೆ ಬೇರೆ. ಆಸ್ಟ್ರಿಯಾ ಕೇಳಿದ್ದು ತಾಯ್ನುಡಿಯನ್ನಲ್ಲ, ದಿನಬಳಕೆಯ ಭಾಷೆಯನ್ನು. ಜರ್ಮನ್ ಧಣಿಯ ಮನೆಯಲ್ಲಿ ಪಾತ್ರೆ ತೊಳೆಯುವ ಚೆಕ್ ಹುಡುಗಿಯ ದಿನಬಳಕೆಯ ಭಾಷೆ ಯಾವುದು? ಅರ್ಜಿ ತುಂಬುವವನು ಧಣಿ, ಉತ್ತರವನ್ನು ಊಹಿಸಬಹುದು. ಯಿಡ್ಡಿಷ್ ಮಾತಾಡುವ ಯಹೂದಿಗಳಿಗಂತೂ ಆ ಪಟ್ಟಿಯಲ್ಲಿ ಭಾಷೆಯೇ ಇರಲಿಲ್ಲ. ಇನ್ನೊಬ್ಬರ ಭಾಷೆಯಲ್ಲಿ ಹೆಸರು ಬರೆಸಿಕೊಳ್ಳಬೇಕಿತ್ತು. 1910ರಲ್ಲಿ ಟ್ರಿಯೆಸ್ಟ್ ಬಂದರಿನಲ್ಲಿ ಇಟಾಲಿಯನ್ನರ ಕೈಯಲ್ಲಿದ್ದ ನಗರಾಡಳಿತ ಎಣಿಸಿದ್ದನ್ನು ನಂಬದೆ ವಿಯೆನ್ನಾ ಮರುಎಣಿಕೆ ಮಾಡಿಸಿತು. ಸ್ಲೋವೀನರ ಸಂಖ್ಯೆ ಸುಮಾರು 20 ಸಾವಿರ ಮೇಲೇರಿತು. ಅದೇ ಊರು, ಅದೇ ಜನ. ಬದಲಾದದ್ದು ಎಣಿಸುವವರ ಕೈ.

ಹಂಗೇರಿ ಕೇಳಿದ್ದು ತಾಯ್ನುಡಿಯನ್ನು. ಇದು ಹೆಚ್ಚು ನೇರವಾದ ಪ್ರಶ್ನೆ ಎನಿಸಬಹುದು. ಆದರೆ ಅದಕ್ಕೆ ಕೊಟ್ಟ ವಿವರಣೆ ವಿಚಿತ್ರವಾಗಿತ್ತು. ತಾಯ್ನುಡಿ ಎಂದರೆ ತಾಯಿ ಕಲಿಸಿದ್ದೇ ಆಗಬೇಕಿಲ್ಲ; ಈಗ ತನ್ನದೆಂದು ಭಾವಿಸಿ, ಚೆನ್ನಾಗಿಯೂ ಖುಷಿಯಿಂದಲೂ ಆಡುವ ಭಾಷೆ. ಹಾಗೆಂದ ಮೇಲೆ ತಾಯ್ನುಡಿ ಬದಲಾಗಬಹುದು. ಬದಲಾಯಿತು ಕೂಡ.

ಈ ಬದಲಾವಣೆಯನ್ನು ಬೇರೆಲ್ಲೂ ಹುಡುಕುವುದು ಬೇಡ, ಒಂದು ಊರು ಸಾಕು. ಇಂದಿನ ಸ್ಲೋವಾಕಿಯಾದ ಪೂರ್ವ ಭಾಗದ ಕೊಶೀತ್ಸೆ. ಹಂಗೇರಿಯನ್ನರಿಗೆ ಕಶ್ಶ, ಜರ್ಮನರಿಗೆ ಕಶಾವ್. 1880ರ ಗಣತಿಯಲ್ಲಿ ಸುಮಾರು 26 ಸಾವಿರ ಜನರ ಈ ಪಟ್ಟಣದಲ್ಲಿ ಸ್ಲೋವಾಕರು ಶೇ. 40ರ ಆಸುಪಾಸು, ಮ್ಯಾಗ್ಯಾರರೂ ಅಷ್ಟೇ. ಉಳಿದವರಲ್ಲಿ ಹೆಚ್ಚಿನವರು ಜರ್ಮನ್ ಮಾತಾಡುವವರು. 1910ಕ್ಕೆ ಬಂದರೆ ಊರು 44 ಸಾವಿರಕ್ಕೆ ಬೆಳೆದಿದೆ, ಮುಕ್ಕಾಲು ಪಾಲು ಮ್ಯಾಗ್ಯಾರರು. 1930ರಲ್ಲಿ ಚೆಕೊಸ್ಲೊವಾಕಿಯಾ ಎಣಿಸಿದಾಗ ಮ್ಯಾಗ್ಯಾರರು ಐದರಲ್ಲಿ ಒಂದು ಪಾಲಿಗೂ ಕಡಿಮೆ. 1938ರ ನವೆಂಬರಿನಲ್ಲಿ ಊರು ಮತ್ತೆ ಹಂಗೇರಿಯ ಕೈಗೆ ಹೋಯಿತು. 1941ರ ಗಣತಿಯಲ್ಲಿ ಮ್ಯಾಗ್ಯಾರರು ಮತ್ತೆ ಮುಕ್ಕಾಲಿಗೂ ಮಿಕ್ಕಿ.

ಇದರಲ್ಲಿ ಒಂದಷ್ಟು ನಿಜವಾದ ಓಡಾಟ. ಸರ್ಕಾರ ಬದಲಾದಾಗ ಗುಮಾಸ್ತರು, ಮೇಷ್ಟ್ರುಗಳು, ರೈಲ್ವೆಯವರು ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾರೆ, ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ. ಆದರೆ ಅಷ್ಟರಿಂದಲೇ ಇಷ್ಟು ದೊಡ್ಡ ಉಯ್ಯಾಲೆ ತೂಗುವುದಿಲ್ಲ. ಮನೆಯಲ್ಲಿ ಸ್ಲೋವಾಕ್, ಅಂಗಡಿಯಲ್ಲಿ ಜರ್ಮನ್, ಕಚೇರಿಯಲ್ಲಿ ಹಂಗೇರಿಯನ್ ಆಡುತ್ತಿದ್ದವರೇ ಈ ಊರಿನ ತುಂಬ ಇದ್ದರು. ಅವರ ಮುಂದೆ ಗಣತಿಯವನು ನಿಂತು 'ಒಂದೇ ಒಂದು ಹೇಳಿ' ಎಂದಾಗ ಅವರು ಹೇಳಿದ್ದು ಗಾಳಿ ಬೀಸಿದ ದಿಕ್ಕನ್ನು. ಸುಳ್ಳು ಹೇಳಿದರು ಎನ್ನುವಂತಿಲ್ಲ. ಅವರ ಬಾಯಲ್ಲಿದ್ದ ಮೂರು ಭಾಷೆಗಳಲ್ಲಿ ಒಂದನ್ನು ಹೇಳಿದರು, ಅಷ್ಟೆ. ಲೇಖಕ ಶಾಂದೋರ್ ಮಾರಾಯಿ 1900ರಲ್ಲಿ ಇದೇ ಊರಿನಲ್ಲಿ ಹುಟ್ಟಿದ. ಮನೆತನದ ಹೆಸರು ಗ್ರೋಸ್‌ಶ್ಮಿಡ್, ಮೂಲ ಜರ್ಮನ್. ಅವನು ಬರೆದದ್ದು ಹಂಗೇರಿಯನ್ನಿನಲ್ಲಿ, ಅದೂ ಆ ಭಾಷೆಯ ಅತ್ಯುತ್ತಮ ಗದ್ಯಗಳಲ್ಲಿ ಒಂದು ಎನಿಸುವಂತೆ. ನಕ್ಷೆಯಲ್ಲಿ ಆ ಮನೆತನಕ್ಕೆ ಯಾವ ಬಣ್ಣ? ತೆಲೆಕಿಯ ಕುಂಚಕ್ಕೆ ಸಂದೇಹವೇ ಇರಲಿಲ್ಲ, ಕೆಂಪು. ಅಂದಹಾಗೆ ತೆಲೆಕಿಯ ತಾಯಿಯೂ ಗ್ರೀಕ್ ವರ್ತಕರ ಮನೆಯವಳು.

ಗಾಳಿ ತಾನಾಗಿ ಬೀಸಲಿಲ್ಲ. 1879ರ ಕಾನೂನು ಪ್ರಾಥಮಿಕ ಶಾಲೆಗಳಲ್ಲೆಲ್ಲ ಹಂಗೇರಿಯನ್ ಕಲಿಸುವುದನ್ನು ಕಡ್ಡಾಯ ಮಾಡಿತ್ತು. 1907ರಲ್ಲಿ ಶಿಕ್ಷಣ ಸಚಿವ ಕೌಂಟ್ ಆಲ್ಬರ್ಟ್ ಅಪ್ಪೊನ್ಯಿ ಅದನ್ನು ಇನ್ನಷ್ಟು ಬಿಗಿ ಮಾಡಿದ. ಸ್ಲೋವಾಕ್ ಅಥವಾ ರುಮೇನಿಯನ್ ಶಾಲೆಯ ಮಗುವೂ ನಾಲ್ಕನೇ ವರ್ಷದ ಕೊನೆಗೆ ಹಂಗೇರಿಯನ್ನಿನಲ್ಲಿ ಮಾತಾಡಬಲ್ಲದಾಗಬೇಕು; ಇಲ್ಲದಿದ್ದರೆ ಮೇಷ್ಟ್ರ ಸಂಬಳಕ್ಕೆ, ಶಾಲೆಯ ಅನುದಾನಕ್ಕೆ ಸಂಚಕಾರ. ಕಾನೂನಿಗೆ ಅವನ ಹೆಸರೇ ಅಂಟಿಕೊಂಡಿತು. ಈ ಅಪ್ಪೊನ್ಯಿಯನ್ನು ನೆನಪಿಟ್ಟುಕೊಂಡಿರಿ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬರುತ್ತಾನೆ.

1918ರ ಶರತ್ಕಾಲದಲ್ಲಿ, ಮೊದಲ ಮಹಾಯುದ್ಧದಲ್ಲಿ ಸೋತು ಸಾಮ್ರಾಜ್ಯ ಕುಸಿಯಿತು. ಪೂರ್ವದಿಂದ ರುಮೇನಿಯಾದ, ಉತ್ತರದಿಂದ ಚೆಕ್ಕರ, ದಕ್ಷಿಣದಿಂದ ಸರ್ಬಿಯಾದ ಸೈನ್ಯಗಳು ಒಳಗೆ ನುಗ್ಗತೊಡಗಿದವು. ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಆ ವರ್ಷದ ಜನವರಿಯಲ್ಲೇ ಜನರ ಇಚ್ಛೆ, ರಾಷ್ಟ್ರೀಯತೆಯ ಗೆರೆ ಎಂಬ ಮಾತುಗಳನ್ನು ಜಗತ್ತಿನ ಮುಂದಿಟ್ಟಿದ್ದ. ಅವನ ತಜ್ಞರ ತಂಡ ನ್ಯೂಯಾರ್ಕಿನ ಅಮೆರಿಕನ್ ಜಿಯಾಗ್ರಫಿಕಲ್ ಸೊಸೈಟಿಯ ಕಟ್ಟಡದಲ್ಲಿ ಕೂತು ಯುರೋಪಿನ ನಕ್ಷೆಗಳನ್ನು ತಯಾರಿಸಿತ್ತು. ಅದರ ಮುಂದಾಳುಗಳಲ್ಲೊಬ್ಬ ಭೂಗೋಳಶಾಸ್ತ್ರಜ್ಞ ಐಸಯಾ ಬೋಮನ್. ಶಾಂತಿ ಸಮ್ಮೇಳನಕ್ಕೆಂದು ಪ್ಯಾರಿಸ್ಸಿಗೆ ಹೊರಟ ಹಡಗಿನಲ್ಲಿ ಅಧ್ಯಕ್ಷನ ಜೊತೆ ಆ ನಕ್ಷೆಗಳೂ ಪ್ರಯಾಣ ಮಾಡಿದವು. ಪ್ಯಾರಿಸ್ಸಿನಲ್ಲಿ ದೇಶದೇಶಗಳ ಮುಖ್ಯಸ್ಥರು ನೆಲದ ಮೇಲೆ ಹರಡಿದ ನಕ್ಷೆಗಳ ಸುತ್ತ ಮಂಡಿಯೂರಿ ಕೂತ ದೃಶ್ಯವನ್ನು ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಅದೊಂದು ನಕ್ಷೆಗಳ ಸಂತೆ. ಪ್ರತಿಯೊಬ್ಬರ ಬಳಿಯೂ ಒಂದು, ಪ್ರತಿಯೊಂದರಲ್ಲೂ ತಂದವನ ಬಣ್ಣ ಸ್ವಲ್ಪ ಹೆಚ್ಚು ಅಗಲ.

ಈ ಸಂತೆ ಅಲ್ಲಿಯೇ ಶುರುವಾದದ್ದೇನೂ ಅಲ್ಲ. ಮ್ಯಾಸಿಡೋನಿಯಾದ ವಿಷಯದಲ್ಲಿ ನಲವತ್ತು ವರ್ಷ ಮೊದಲೇ ಇದರ ತಾಲೀಮು ನಡೆದಿತ್ತು. 1876ರಲ್ಲಿ ಬರ್ಲಿನ್ನಿನ ಹೈನ್‌ರಿಷ್ ಕೀಪರ್ಟ್ ಬರೆದ ನಕ್ಷೆಯಲ್ಲಿ ಮ್ಯಾಸಿಡೋನಿಯಾದ ಬಹುಭಾಗ ಬಲ್ಗೇರಿಯನ್. ಮರುವರ್ಷ ಲಂಡನ್ನಿನಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ನಕ್ಷೆಯಲ್ಲಿ ಅದೇ ನೆಲ ಗ್ರೀಕ್. 1889ರಲ್ಲಿ ಗೊಪ್ಚೆವಿಚ್ ಎಂಬವನ ನಕ್ಷೆಯಲ್ಲಿ ಸರ್ಬಿಯನ್. ಒಬ್ಬ ಭಾಷೆಯನ್ನು ನೋಡಿದ, ಇನ್ನೊಬ್ಬ ಚರ್ಚನ್ನು, ಮತ್ತೊಬ್ಬ ಹಬ್ಬಹರಿದಿನವನ್ನು. ರೈತನೋ, ಯಾರು ಕೇಳಿದರೂ ತಾನು ಕ್ರಿಸ್ತನವನು ಎನ್ನುತ್ತಿದ್ದ.

ತೆಲೆಕಿ ಸಾಮಾನ್ಯನಲ್ಲ. ಜಪಾನಿನ ದ್ವೀಪಗಳ ನಕ್ಷೆಗಳ ಚರಿತ್ರೆಯ ಕುರಿತು 1909ರಲ್ಲಿ ಅವನು ತಂದ ಅಟ್ಲಾಸಿಗೆ ಪ್ಯಾರಿಸ್ಸಿನ ಭೂಗೋಳ ಸಂಘ ಬಹುಮಾನ ಕೊಟ್ಟಿತ್ತು. ಟ್ರಾನ್ಸಿಲ್ವೇನಿಯಾದ ಹಳೆಯ ಜಮೀನುದಾರಿ ಮನೆತನದವನು. ಹಂಗೇರಿಯನ್ ಭೂಗೋಳ ಸಂಘದ ಕಾರ್ಯದರ್ಶಿ. ನಕ್ಷೆಗಳು ಎಲ್ಲಿ ಹೇಗೆ ಕಣ್ಣು ಕಟ್ಟುತ್ತವೆ ಎಂದು ಯುರೋಪಿನಲ್ಲಿ ಅವನಷ್ಟು ತಿಳಿದವರು ಕಡಿಮೆ. 1910ರ ಗಣತಿಯ ಹಳ್ಳಿಹಳ್ಳಿಯ ಅಂಕಿ ಇಟ್ಟುಕೊಂಡು ಅವನು ಮತ್ತು ಸಂಗಡಿಗರು ಕೆಲವೇ ತಿಂಗಳಲ್ಲಿ ಕೆಲಸ ಮುಗಿಸಿದರು. ಸೈನ್ಯಗಳು ನಿಂತ ಕಡೆಯೇ ಗಡಿಯಾಗಿಬಿಡುವ ಭಯವಿತ್ತು, ತಡಮಾಡುವ ಹಾಗಿರಲಿಲ್ಲ.

ಈಗ ಪಟ್ಟಣಗಳ ಲೆಕ್ಕ ನೋಡಿ. ಕೊಲೊಜ್‌ವಾರ್, ಅಂದರೆ ಇಂದಿನ ರುಮೇನಿಯಾದ ಕ್ಲೂಜ್, 1910ರಲ್ಲಿ ಸುಮಾರು 60 ಸಾವಿರ ಜನರ ಊರು. ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಮ್ಯಾಗ್ಯಾರರು. ಚದರ ಮಿಲಿಮೀಟರಿಗೆ ನೂರು ಎಂದರೆ ಆ ಊರಿಗೆ 600 ಚದರ ಮಿಲಿಮೀಟರ್ ಬಣ್ಣ. ನೆಲದ ಮೇಲೆ ಅದು 25 ಕಿಲೋಮೀಟರ್ ಉದ್ದ, 25 ಕಿಲೋಮೀಟರ್ ಅಗಲದ ಚೌಕ! ಸುತ್ತಲಿನ ರುಮೇನಿಯನ್ ಹಳ್ಳಿಗಳ ತಲೆಯ ಮೇಲೆ ಒಂದು ದೊಡ್ಡ ಕೆಂಪು ಛತ್ರಿ ಬಿಚ್ಚಿದ ಹಾಗೆ. ನಿಯಮ ಒಂದೇ, ಎಲ್ಲರಿಗೂ ಅನ್ವಯ. ಆದರೆ ಪಟ್ಟಣದಲ್ಲಿದ್ದವರು ಮ್ಯಾಗ್ಯಾರರು, ಬೆಟ್ಟದಲ್ಲಿದ್ದವರು ಉಳಿದವರು. ಆ ಹಂಚಿಕೆ ತೆಲೆಕಿಯ ಕೈವಾಡವಲ್ಲ, ಅದು ಐದಾರು ನೂರು ವರ್ಷಗಳ ಚರಿತ್ರೆ. ಅವನು ಮಾಡಿದ್ದು, ಆ ಚರಿತ್ರೆಗೆ ಅನುಕೂಲವಾದ ನಿಯಮವನ್ನು ಆರಿಸಿಕೊಂಡದ್ದು.

ಎದುರು ಪಕ್ಷದಲ್ಲೂ ಅವನಿಗೆ ಸರಿಸಾಟಿಯಾದ ಭೂಗೋಳಶಾಸ್ತ್ರಜ್ಞನಿದ್ದ. ಫ್ರಾನ್ಸಿನ ಎಮಾನ್ಯುಯೆಲ್ ದ ಮಾರ್ತೋನ್. ಕಾರ್ಪೇಥಿಯನ್ ಬೆಟ್ಟಗಳನ್ನು ಕಾಲಲ್ಲಿ ಅಳೆದವನು, ರುಮೇನಿಯಾದ ವಲಾಕಿಯಾ ಪ್ರಾಂತ್ಯದ ಬಗ್ಗೆ ಡಾಕ್ಟರೇಟ್ ಪ್ರಬಂಧ ಬರೆದವನು, ರುಮೇನಿಯನ್ನರ ಗೆಳೆಯ, ಫ್ರೆಂಚ್ ಸರ್ಕಾರದ ತಜ್ಞ ಸಮಿತಿಯ ಕಾರ್ಯದರ್ಶಿ. ಅವನೂ ರುಮೇನಿಯನ್ನರಿರುವ ನಾಡುಗಳ ಜನಾಂಗ ನಕ್ಷೆ ಬರೆದ. ಅಳತೆ ಅದೇ, ಹತ್ತು ಲಕ್ಷಕ್ಕೆ ಒಂದು. ಬೆಟ್ಟದ ಮೇಲಿನ ಜನ ಚದುರಿದ್ದಾರೆಂದು ಅವರ ನೆಲವನ್ನು ಖಾಲಿ ಎಂದು ತೋರಿಸುವುದು ಸರಿಯಲ್ಲ ಎಂಬುದು ಆ ಕಡೆಯ ವಾದ. ಪಟ್ಟಣಗಳು ಬಂದು ಸೇರಿದವರ ತಾಣ, ನೆಲದ ಬಣ್ಣ ನಿರ್ಧರಿಸಬೇಕಾದದ್ದು ಹಳ್ಳಿಗಾಡು. ಇದೂ ತಳ್ಳಿಹಾಕುವಂಥ ವಾದವಲ್ಲ. ಇಬ್ಬರು ಪಂಡಿತರು, ಇಬ್ಬರೂ ಲೆಕ್ಕ ಬಲ್ಲವರು. ಅವರ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ಎರಡು ಬೇರೆ ದೇಶಗಳ ಹಾಗೆ ಕಾಣುತ್ತವೆ.

1920ರ ಜನವರಿ 16. ಪ್ಯಾರಿಸ್ಸಿನ ಕೆ ದೋರ್ಸೆ ದಂಡೆಯ ವಿದೇಶಾಂಗ ಕಚೇರಿ. ಹಿಂದಿನ ದಿನವಷ್ಟೇ ಹಂಗೇರಿಯ ನಿಯೋಗದ ಕೈಗೆ ಶಾಂತಿ ಒಪ್ಪಂದದ ಕರಡು ಬಂದಿತ್ತು. ಅಧ್ಯಕ್ಷ ಪೀಠದಲ್ಲಿ, ಇನ್ನೆರಡೇ ದಿನಕ್ಕೆ ರಾಜೀನಾಮೆ ಕೊಡಲಿದ್ದ ಫ್ರಾನ್ಸಿನ ಪ್ರಧಾನಿ ಕ್ಲೆಮಾನ್ಸೊ. ಮಾತಾಡಲು ಎದ್ದವನು 73 ವರ್ಷದ ಅಪ್ಪೊನ್ಯಿ. ಎತ್ತರದ ಆಳು, ಗಡ್ಡ, ತುಂಬಿದ ದನಿ. ಮೊದಲು ಫ್ರೆಂಚಿನಲ್ಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಕೊನೆಗೆ ಇಟಾಲಿಯನ್ನಿನಲ್ಲಿ ತನ್ನ ದೇಶದ ಪರವಾಗಿ ವಾದ ಮಂಡಿಸಿದ. ಗಡಿಯಾಚೆಗೆ ಹೋಗಲಿರುವ ಜನರನ್ನೇ ಕೇಳಿ, ಜನಮತ ಗಣನೆ ಮಾಡಿಸಿ ಎಂಬುದು ಅವನ ಬೇಡಿಕೆಯ ಸಾರ.

ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್ ಒಂದು ಪ್ರಶ್ನೆ ಕೇಳಿದ. ಹೊಸ ಗಡಿಯಾಚೆಗೆ ಬೀಳುವ ಮ್ಯಾಗ್ಯಾರರು ಎಷ್ಟು? ಗಡಿಗೆ ಅಂಟಿಕೊಂಡೇ ಇದ್ದಾರೋ, ಬೇರೆಯವರ ನಡುವೆ ದ್ವೀಪಗಳ ಹಾಗಿದ್ದಾರೋ? ಅಪ್ಪೊನ್ಯಿ ಕೆಂಪು ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದ. ನಾಯಕರು ಎದ್ದು ಬಂದು ಸುತ್ತ ಬಗ್ಗಿ ನೋಡಿದರು. ಆ ಕೆಂಪಿನಲ್ಲಿ ಒಂದಷ್ಟು ಕೆಂಪು, ಹದಿಮೂರು ವರ್ಷದ ಹಿಂದೆ ಅವನೇ ಮಾಡಿದ ಶಾಲಾ ಕಾನೂನಿನ ಬಗೆಯ ಒತ್ತಡಗಳಿಂದ ಬಂದದ್ದು ಎಂದು ಆ ಹೊತ್ತಿನಲ್ಲಿ ಮೇಜಿನ ಸುತ್ತ ಯಾರಿಗಾದರೂ ಹೊಳೆಯಿತೋ ಇಲ್ಲವೋ. ಚೆಕ್ಕರಿಗೂ ರುಮೇನಿಯನ್ನರಿಗೂ ಹೊಳೆದೇ ಹೊಳೆಯುತ್ತಿತ್ತು, ಆದರೆ ಅವರು ಕೋಣೆಯಲ್ಲಿರಲಿಲ್ಲ.

ನಕ್ಷೆ ಲಾಯ್ಡ್ ಜಾರ್ಜನ ಮನಸ್ಸಿಗೆ ನಾಟಿತು. ಮುಂದಿನ ವಾರಗಳಲ್ಲಿ ಅವನು ಗಡಿಗಳನ್ನು ಮರುಪರಿಶೀಲಿಸಬೇಕೆಂದು ಹಟ ಹಿಡಿದ. ಆದರೆ ಗೆರೆಗಳು 1919ರ ಬೇಸಿಗೆಯ ಹೊತ್ತಿಗೇ ತೀರ್ಮಾನವಾಗಿದ್ದವು. ಅವನ ವಿದೇಶಾಂಗ ಸಚಿವ ಕರ್ಜನ್ನನೇ ಮತ್ತೆ ತೆರೆಯಲು ಒಪ್ಪಲಿಲ್ಲ. ಮಾರ್ಚಿಗೆ ಆ ಮಾತು ಮುಗಿಯಿತು. ಜೂನ್ 4ರಂದು ವರ್ಸೇಲ್ಸಿನ ಗ್ರಾಂ ಟ್ರಿಯಾನೊನ್ ಅರಮನೆಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 2 ಲಕ್ಷ 82 ಸಾವಿರ ಚದರ ಕಿಲೋಮೀಟರಿನ ದೇಶ 93 ಸಾವಿರಕ್ಕೆ ಇಳಿಯಿತು. ಜನಸಂಖ್ಯೆ 1 ಕೋಟಿ 82 ಲಕ್ಷದಿಂದ ಸುಮಾರು 76 ಲಕ್ಷಕ್ಕೆ. 30 ಲಕ್ಷಕ್ಕೂ ಹೆಚ್ಚು ಮ್ಯಾಗ್ಯಾರರು ಹೊರಗುಳಿದರು. ಅವರಲ್ಲಿ ಬಹಳಷ್ಟು ಜನ ಗಡಿಗೆ ಅಂಟಿಕೊಂಡೇ ಇದ್ದವರು.

ಏಕೆ ಹೀಗಾಯಿತು ಎಂದರೆ, ಅಂತಿಮ ಗೆರೆಯನ್ನು ಬಹಳ ಕಡೆ ಭಾಷೆ ಎಳೆಯಲೇ ಇಲ್ಲ. ರೈಲು ಎಳೆಯಿತು. ಅರಾದ್‌ನಿಂದ ಒರಾದ್ಯಾ ದಾಟಿ ಸಾತು ಮಾರೆಗೆ ಹೋಗುವ ಹಳಿ ಬೆಟ್ಟ ಮತ್ತು ಬಯಲಿನ ಅಂಚಿನಲ್ಲೇ ಓಡುತ್ತದೆ. ಅದು ರುಮೇನಿಯಾಕ್ಕೆ ಬೇಕಿತ್ತು. ಹಳಿ ರುಮೇನಿಯಾದೊಳಗೆ ಬರಬೇಕೆಂದರೆ ಗಡಿ ಅದರ ಪಶ್ಚಿಮಕ್ಕೆ ಸರಿಯಬೇಕು, ಸರಿಯಿತು. ಹಳಿಯ ಮೇಲಿನ ಮ್ಯಾಗ್ಯಾರ್ ಪೇಟೆಗಳು ಹಳಿಯ ಜೊತೆಗೇ ಹೋದವು. ಉತ್ತರದಲ್ಲಿ ಡ್ಯಾನ್ಯೂಬ್ ನದಿ ಗಡಿಯಾಯಿತು; ಕೊಮಾರೊಮ್ ಪಟ್ಟಣ ನದಿಯ ಎರಡು ದಡದಲ್ಲಿ ಎರಡು ದೇಶವಾಯಿತು. ಇಟಲಿಗೆ ಬ್ರೆನರ್ ಕಣಿವೆಯವರೆಗಿನ ಬೆಟ್ಟ ಬೇಕಿತ್ತು, ಕೊಟ್ಟರು. ಜೊತೆಗೆ ಎರಡು ಲಕ್ಷಕ್ಕೂ ಹೆಚ್ಚು ಜರ್ಮನ್ ಮಾತಾಡುವ ಟಿರೋಲಿನವರು. ವಿಲ್ಸನ್ ಹೇಳಿದ್ದ ರಾಷ್ಟ್ರೀಯತೆಯ ಗೆರೆ ನಕ್ಷೆಯ ಮೇಲೆ ಬಹಳ ಚೆನ್ನಾಗಿತ್ತು. ಆದರೆ ಅದರ ಮೇಲೆ ರೈಲು ಓಡದು, ಫಿರಂಗಿ ನಿಲ್ಲದು.

ಭಾಷೆಯೇ ರಾಷ್ಟ್ರ ಎಂಬ ಬ್ಯೋಕ್‌ನ ಸಿದ್ಧಾಂತಕ್ಕೆ ಆ ವರ್ಷಗಳಲ್ಲೇ ನಿಜವಾದ ಪರೀಕ್ಷೆಯೂ ಆಯಿತು. ಕೆಲವು ಕಡೆ ಜನರನ್ನು ಕೇಳಿದರು. 1920ರ ಜುಲೈ 11ರಂದು ಪೂರ್ವ ಪ್ರಷ್ಯಾದ ಆಲೆನ್‌ಸ್ಟೈನ್ ಪ್ರಾಂತ್ಯದಲ್ಲಿ ಮತದಾನ. ಅಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಮನೆಯಲ್ಲಿ ಪೋಲಿಷ್ ಅಥವಾ ಅದರ ಒಂದು ಬಗೆಯಾದ ಮಸೂರಿಯನ್ ಆಡುವವರು. ಬಣ್ಣ ನೋಡಿದವರು ಪೋಲೆಂಡ್ ಗೆಲ್ಲಬಹುದೆಂದು ಎಣಿಸಿದ್ದರು. ಶೇ. 97ಕ್ಕೂ ಹೆಚ್ಚು ಮತ ಜರ್ಮನಿಯ ಕಡೆಗೆ ಬಿತ್ತು. ಮಸೂರಿಯನ್ನರು ಆಡುತ್ತಿದ್ದದ್ದು ಪೋಲಿಷ್ ನುಡಿ, ಆದರೆ ಧರ್ಮದಲ್ಲಿ ಲೂಥರನ್ನರು, ದೊರೆಯೆಂದರೆ ಅವರಿಗೆ ಪ್ರಷ್ಯಾದ ದೊರೆಯೇ. ಜೊತೆಗೆ, ಆ ಜುಲೈಯಲ್ಲಿ ಸೋವಿಯತ್ ಸೈನ್ಯ ವಾರ್ಸಾದತ್ತ ನುಗ್ಗುತ್ತಿತ್ತು. ಮುಳುಗುವ ಹಡಗನ್ನು ಯಾರು ಹತ್ತುತ್ತಾರೆ? ಅದೇ ಅಕ್ಟೋಬರ್ 10ರಂದು ದಕ್ಷಿಣ ಕರಿಂಥಿಯಾದಲ್ಲಿ ಮೂರರಲ್ಲಿ ಎರಡು ಪಾಲು ಜನ ಸ್ಲೋವೀನ್ ಮಾತಾಡುವವರಾದರೂ ಶೇ. 59 ಮತ ಆಸ್ಟ್ರಿಯಾಕ್ಕೆ. ಹಾಲು, ದನ, ಬೆಣ್ಣೆ ಮಾರಲು ಅವರು ಹೋಗುತ್ತಿದ್ದ ಪೇಟೆ ಕ್ಲಾಗನ್‌ಫರ್ಟ್. ದಕ್ಷಿಣದ ಕಡೆಗೆ ಹೋಗಬೇಕಾದರೆ ಕರವಾಂಕೆನ್ ಬೆಟ್ಟ ಅಡ್ಡ. ಭಾಷೆಯ ನಕ್ಷೆಯಲ್ಲಿ ಸಂತೆಗೆ ಹೋಗುವ ದಾರಿ ಇರುವುದಿಲ್ಲ.

ಇನ್ನೂ ಪೂರ್ವಕ್ಕೆ, ಪೋಲೆಂಡಿನ ಪೊಲೇಸಿಯೆ ಜೌಗು ನಾಡಿನಲ್ಲಿ 1931ರ ಗಣತಿಯವರು ತಾಯ್ನುಡಿ ಕೇಳಿದಾಗ 7 ಲಕ್ಷಕ್ಕೂ ಹೆಚ್ಚು ಜನರ ಹೆಸರಿನ ಮುಂದೆ ದಾಖಲಾದ ಭಾಷೆ 'ಇಲ್ಲಿಯದು'. ಬೆಲರೂಸಿಯನ್, ಉಕ್ರೇನಿಯನ್ ಎಂಬ ಲೆಕ್ಕ ಕಡಿಮೆ ಕಾಣಲಿ ಎಂದು ಸರ್ಕಾರವೂ ಆ ಉತ್ತರವನ್ನು ಸಂತೋಷದಿಂದಲೇ ಬರೆದುಕೊಂಡಿತು ಎನ್ನುವವರಿದ್ದಾರೆ, ಅದರಲ್ಲಿ ಹುರುಳಿದೆ. ಆದರೂ ಈ ಎಲ್ಲ ಗಣತಿಗಳ ರಾಶಿಯಲ್ಲಿ ನನಗೆ ಅತ್ಯಂತ ಸಹಜವಾಗಿ ಕೇಳಿಸುವ ಉತ್ತರ ಅದೊಂದೇ.

ತೆಲೆಕಿಯ ನಕ್ಷೆಯ ಕೆಂಪಿನೊಳಗೆ ಇನ್ನೊಂದು ಬಣ್ಣ ಅಡಗಿತ್ತು, ಅದರ ಕಥೆ ಹೇಳದೆ ಈ ಲೇಖನ ಮುಗಿಯಬಾರದು. 1910ರಲ್ಲಿ ಹಂಗೇರಿಯ ಯಹೂದಿಗಳು 9 ಲಕ್ಷಕ್ಕೂ ಹೆಚ್ಚು. ಧರ್ಮದ ಅಂಕಣದಲ್ಲಿ ಅವರು ಬೇರೆ. ಭಾಷೆಯ ಅಂಕಣದಲ್ಲಿ ಮುಕ್ಕಾಲು ಪಾಲು ಮಂದಿ ತಾಯ್ನುಡಿ ಹಂಗೇರಿಯನ್ ಎಂದು ಬರೆಸಿದರು. ಬರೀ ಬಾಯಿಮಾತಲ್ಲ, ಅವರು ಆ ಭಾಷೆಯಲ್ಲಿ ಪತ್ರಿಕೆ ನಡೆಸಿದರು, ನಾಟಕ ಬರೆದರು, ಮಕ್ಕಳಿಗೆ ಮ್ಯಾಗ್ಯಾರ್ ಹೆಸರಿಟ್ಟರು. ದೇಶದಲ್ಲಿ ಮ್ಯಾಗ್ಯಾರರು ಶೇ. 54 ಎಂಬ ಅಂಕಿಯಲ್ಲಿ ಅವರೂ ಸೇರಿದ್ದಾರೆ. ಅವರನ್ನು ಕಳೆದರೆ ಉಳಿಯುವ ಬಹುಮತ ಕೂದಲೆಳೆಯಷ್ಟು. ಕಶ್ಶದಂಥ, ಕೊಲೊಜ್‌ವಾರ್‌ನಂಥ ಊರುಗಳ ಕೆಂಪಿನಲ್ಲಿ ಅವರ ಪಾಲು ಸಣ್ಣದಲ್ಲ. ಪ್ಯಾರಿಸ್ಸಿನ ಮೇಜಿನ ಮೇಲೆ ಅವರು ಮ್ಯಾಗ್ಯಾರರು.

1920ರ ಜುಲೈಯಲ್ಲಿ ತೆಲೆಕಿ ಪ್ರಧಾನಿಯಾದ. ಸೆಪ್ಟೆಂಬರಿನಲ್ಲಿ ಅವನ ಸರ್ಕಾರ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಮಿತಿ ಹಾಕುವ ಕಾನೂನು ತಂದಿತು. ಆಯಾ ಜನಾಂಗಕ್ಕೆ ಜನಸಂಖ್ಯೆಯಲ್ಲಿರುವ ಪಾಲಿನಷ್ಟೇ ಸೀಟು. ಅದರ ಗುರಿ ಯಹೂದಿ ವಿದ್ಯಾರ್ಥಿಗಳು. ನಕ್ಷೆಯಲ್ಲಿ ಕೆಂಪಾಗಿದ್ದವರು ಕಾನೂನಿನಲ್ಲಿ ಪ್ರತ್ಯೇಕ ಜನಾಂಗವಾದರು. ನಕ್ಷೆಗೂ ಕಾನೂನಿಗೂ ನಡುವೆ ಎರಡು ವರ್ಷವೂ ಕಳೆದಿರಲಿಲ್ಲ. 1939ರಲ್ಲಿ ಎರಡನೆಯ ಸಲ ಪ್ರಧಾನಿಯಾಗಿದ್ದಾಗ ಯಹೂದಿಗಳನ್ನು ನಿರ್ಬಂಧಿಸುವ 'ಎರಡನೆಯ ಯಹೂದಿ ಕಾನೂನು' ಜಾರಿಗೆ ಬಂದದ್ದೂ ಅವನ ಕೈಯಿಂದಲೇ. ಅವನ ನಕ್ಷೆಯನ್ನು ನಂಬಲು ಮನಸ್ಸು ಹಿಂಜರಿಯುತ್ತದೆ ಎಂದೆನಲ್ಲ, ಕಾರಣ ಇದು. ಎಣಿಸುವಾಗ ನಮ್ಮವರು, ಹಂಚುವಾಗ ಹೊರಗಿನವರು.

1940ರ ಆಗಸ್ಟ್ 30ರಂದು ವಿಯೆನ್ನಾದಲ್ಲಿ ಜರ್ಮನಿ ಮತ್ತು ಇಟಲಿ ಸೇರಿ, ರುಮೇನಿಯಾಕ್ಕೆ ಹೋಗಿದ್ದ ಉತ್ತರ ಟ್ರಾನ್ಸಿಲ್ವೇನಿಯಾವನ್ನು ಹಂಗೇರಿಗೆ ಮರಳಿಸಿದವು. ಹೊಸ ಗೆರೆಯೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ರುಮೇನಿಯನ್ನರು. 1930ರ ರುಮೇನಿಯಾದ ಗಣತಿಯಂತೆ ಆ ಪ್ರದೇಶದಲ್ಲಿ ರುಮೇನಿಯನ್ನರು ಹೆಚ್ಚು. 1941ರ ಹಂಗೇರಿಯ ಗಣತಿಯಂತೆ ಮ್ಯಾಗ್ಯಾರರು ಹೆಚ್ಚು. ಹಿಟ್ಲರನ ಕೈಯಿಂದ ಪಡೆದದ್ದಕ್ಕೆ ಬೆಲೆ ತೆರಬೇಕೆಂದು ತೆಲೆಕಿಗೆ ಗೊತ್ತಿತ್ತು. ಅದೇ ಡಿಸೆಂಬರಿನಲ್ಲಿ ಅವನು ಯುಗೊಸ್ಲಾವಿಯಾದ ಜೊತೆ 'ನಿರಂತರ ಸ್ನೇಹ'ದ ಒಪ್ಪಂದ ಮಾಡಿಕೊಂಡ. ನಾಲ್ಕು ತಿಂಗಳು ತುಂಬುವ ಮೊದಲೇ ಅದೇ ಯುಗೊಸ್ಲಾವಿಯಾದ ಮೇಲೆ ಬೀಳಲು ಜರ್ಮನ್ ಸೈನ್ಯ ಹಂಗೇರಿಯ ನೆಲದ ಮೇಲೆ ಹಾದುಹೋಗಲು ಅಣಿಯಾಯಿತು. 1941ರ ಏಪ್ರಿಲ್ 3ರ ಬೆಳಗಿನ ಜಾವ ತೆಲೆಕಿ ಗುಂಡು ಹೊಡೆದುಕೊಂಡು ಸತ್ತ. ತಾವು ಕೊಟ್ಟ ಮಾತಿಗೆ ತಪ್ಪಿದೆವು ಎಂದು ರಾಜಪ್ರತಿನಿಧಿ ಹೋರ್ತಿಗೆ ಕಾಗದ ಬರೆದಿಟ್ಟಿದ್ದ.

1944ರ ಮೇ ಮತ್ತು ಜುಲೈ ನಡುವೆ ಹಂಗೇರಿಯಿಂದ 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಆಶ್ವಿಟ್ಸ್‌ಗೆ ಸಾಗಿಸಿದರು. ಆ ರೈಲುಗಳಲ್ಲಿ ಬಹುಪಾಲು ಕಶ್ಶ ನಿಲ್ದಾಣವನ್ನು ದಾಟಿ ಹೋದವು. ಹಂಗೇರಿಯ ಕಾವಲು ಅಲ್ಲಿಗೆ ಮುಗಿದು ಜರ್ಮನರ ಕಾವಲು ಶುರುವಾಗುತ್ತಿದ್ದದ್ದು ಆ ನಿಲ್ದಾಣದಲ್ಲೇ.

ಈ ನೆಲದ ಗಡಿಗಳ ಬಗ್ಗೆ ಕಾರ್ಪೇಥಿಯನ್ ತಪ್ಪಲಿನಲ್ಲಿ ಒಂದು ನಗೆಚಟಾಕಿಯಿದೆ. ಒಬ್ಬ ಮುದುಕ ಹೇಳುತ್ತಾನೆ: ಆಸ್ಟ್ರಿಯಾ-ಹಂಗೇರಿಯಲ್ಲಿ ಹುಟ್ಟಿದೆ, ಚೆಕೊಸ್ಲೊವಾಕಿಯಾದಲ್ಲಿ ಶಾಲೆಗೆ ಹೋದೆ, ಹಂಗೇರಿಯಲ್ಲಿ ಮದುವೆಯಾದೆ, ಸೋವಿಯತ್ ಒಕ್ಕೂಟದಲ್ಲಿ ದುಡಿದೆ, ಈಗ ಉಕ್ರೇನಿನಲ್ಲಿ ಪಿಂಚಣಿ ತೆಗೆದುಕೊಳ್ಳುತ್ತಿದ್ದೇನೆ. ಬಹಳ ಸುತ್ತಾಡಿದ್ದೀರಿ ಎಂದರೆ, ಎಲ್ಲಿಯ ಸುತ್ತಾಟ, ನಾನು ಮುಕಾಚೆವೊ ಬಿಟ್ಟು ಕದಲಿಲ್ಲವಲ್ಲ ಎನ್ನುತ್ತಾನೆ.

ಆ ಮುದುಕನ ಊರಿನಿಂದ ಬಹಳ ದೂರವಿಲ್ಲದ ಕಡೆ ಸೆಲ್ಮೆಂತ್ಸ್ ಎಂಬ ಹೆಸರಿನ ಎರಡು ಹಳ್ಳಿಗಳಿವೆ, ದೊಡ್ಡದು ಮತ್ತು ಚಿಕ್ಕದು. ಬೀದಿ ಒಂದೇ, ಭಾಷೆ ಒಂದೇ, ಹಂಗೇರಿಯನ್. ಎರಡೂ ಸೇರಿ ಎಂಟುನೂರು ಜನ ಎಂದಿಟ್ಟುಕೊಂಡರೂ ತೆಲೆಕಿಯ ನಿಯಮದಲ್ಲಿ ಎಂಟು ಚದರ ಮಿಲಿಮೀಟರ್, ಒಂದು ಅಕ್ಕಿಕಾಳಿನಷ್ಟು ಕೆಂಪು. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಗಡಿ ಆ ಅಕ್ಕಿಕಾಳನ್ನು ಸೀಳಿತು. ದೊಡ್ಡ ಸೆಲ್ಮೆಂತ್ಸ್ ಚೆಕೊಸ್ಲೊವಾಕಿಯಾದಲ್ಲಿ ಉಳಿಯಿತು, ಚಿಕ್ಕದು ಬೇಲಿಯಾಚೆ ಹೋಯಿತು. ಬೇಲಿಯ ಹತ್ತಿರ ನಿಂತು ಮಾತಾಡುವಂತಿರಲಿಲ್ಲ. ಹೊಲದಲ್ಲಿ ಕೆಲಸ ಮಾಡುತ್ತಾ, ಹಾಡಿನಂತೆ ರಾಗ ಎಳೆದು, ಯಾರು ಸತ್ತರು, ಯಾರಿಗೆ ಮಗು ಹುಟ್ಟಿತು ಎಂದು ಆಚೆಯವರಿಗೆ ಕೇಳಿಸುವಂತೆ ಹೇಳುತ್ತಿದ್ದರಂತೆ. ಕಾವಲಿನವರಿಗೆ ಆ ಭಾಷೆ ಬರುತ್ತಿರಲಿಲ್ಲ. 2005ರ ಡಿಸೆಂಬರಿನಲ್ಲಿ ನಡೆದುಹೋಗುವವರಿಗಾಗಿ ಅಲ್ಲಿ ಒಂದು ದಾರಿ ತೆರೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ಸ್ಲೋವಾಕಿಯಾ ಯುರೋಪಿನ ಷೆಂಗೆನ್ ಕೂಟ ಸೇರಿತು, ಉಕ್ರೇನಿನ ಕಡೆಯವರಿಗೆ ಬೀದಿ ದಾಟುವುದು ಇನ್ನಷ್ಟು ಕಷ್ಟವಾಯಿತು. ದಾರಿಯ ಎರಡೂ ಪಕ್ಕ ಮರದಲ್ಲಿ ಕೆತ್ತಿದ ಒಂದೊಂದು ಹೆಬ್ಬಾಗಿಲು ನಿಲ್ಲಿಸಿದ್ದಾರೆ. ಎರಡೂ ಅರ್ಧರ್ಧ.